ಆರೂಮುಕ್ಕಾಲು ಮೀಟರಿನ ಆಚೆ

ಗುಂಡಪ್ಪ ವಿಶ್ವನಾಥ್ ಅವರ ಟೆಸ್ಟ್ ಸರಾಸರಿ 41.93. ರಾಹುಲ್ ದ್ರಾವಿಡ್ ಅವರದು 52.31. ಬರೀ ಅಂಕಪಟ್ಟಿ ನೋಡಿ ತೀರ್ಪು ಕೊಡುವವರಿಗೆ ಇಲ್ಲಿ ಯೋಚಿಸುವುದಕ್ಕೇ ಏನೂ ಇಲ್ಲ. ಹತ್ತು ರನ್ನಿನ ಅಂತರ ಎದ್ದು ಕಾಣುತ್ತದೆ. ಆದರೆ 1949ರ ಫೆಬ್ರುವರಿ 12ರಂದು ವಿಶ್ವನಾಥ್ ಹುಟ್ಟಿದ ಭದ್ರಾವತಿಯಲ್ಲಿ ಈ ಲೆಕ್ಕವನ್ನು ಹಾಗೇ ಒಪ್ಪಿಕೊಳ್ಳುವ ಹಿರಿಯರು ಸಿಗುವುದು ಕಷ್ಟ. ಅವರು ತಕ್ಷಣ ಎತ್ತುವುದು ಒಂದೇ ಒಂದು ಸಂಖ್ಯೆಯನ್ನು: 97.

1975ರ ಜನವರಿ, ಮದರಾಸಿನ ಚೆಪಾಕ್. ಎದುರಿಗೆ ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್. ಬ್ಯಾಟ್ಸ್‌ಮನ್ನರ ತಲೆಗೆ ಹೆಲ್ಮೆಟ್ ಬಂದಿರದ ಕಾಲ. ರಾಬರ್ಟ್ಸ್ 64 ರನ್ನಿಗೆ ಏಳು ವಿಕೆಟ್ ಕಿತ್ತರು; ಭಾರತದ ಮೊದಲ ಇನಿಂಗ್ಸ್ 190ಕ್ಕೆ ಮುಗಿಯಿತು. ಆ 190ರಲ್ಲಿ ಅರ್ಧಕ್ಕಿಂತ ಹೆಚ್ಚು, 97 ರನ್, ವಿಶ್ವನಾಥ್ ಒಬ್ಬರದು. ಕೊನೆಯ ವಿಕೆಟ್ ಬಿದ್ದಾಗಲೂ ಅವರು ಔಟಾಗದೆ ನಿಂತಿದ್ದರು. ಪಂದ್ಯವನ್ನು ಭಾರತ 100 ರನ್ನಿನಿಂದ ಗೆದ್ದಿತು. ಏಳು ವರ್ಷಗಳ ನಂತರ ಅದೇ ಮೈದಾನದಲ್ಲಿ ಇಂಗ್ಲೆಂಡ್ ಮೇಲೆ ಅವರು 222 ಹೊಡೆದರು. ಪಟ್ಟಿಯಲ್ಲಿ 222 ದೊಡ್ಡದು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಶತಕವೂ ಆಗದ ಆ 97. ಯಾರ ಎದುರು, ಎಂಥ ಪಿಚ್ಚಿನಲ್ಲಿ, ಎಂಥ ಹೊತ್ತಿನಲ್ಲಿ ಎಂಬುದನ್ನೂ ಸೇರಿಸಿ ತೂಗಿದರೇ ರನ್ನಿಗೆ ಬೆಲೆ ಎಂದು ಈ ಊರಿಗೆ ಐವತ್ತು ವರ್ಷದಿಂದ ಗೊತ್ತು. ವಿಶ್ವನಾಥ್ ಹೊಡೆದ 14 ಟೆಸ್ಟ್ ಶತಕಗಳಲ್ಲಿ ಒಂದೂ ಭಾರತ ಸೋತ ಪಂದ್ಯದಲ್ಲಿ ಬಂದದ್ದಲ್ಲ ಎಂಬ ಮಾತನ್ನೂ ಆ ಹಿರಿಯರು ಸೇರಿಸುತ್ತಾರೆ. ಅದೂ ನಿಜ.

ಕ್ರಿಕೆಟ್ಟಿನಲ್ಲಿ ಇಷ್ಟು ನಯವಾಗಿ ತೂಗಬಲ್ಲ ನಾವು ಬ್ಯಾಸ್ಕೆಟ್‌ಬಾಲ್ ವಿಷಯಕ್ಕೆ ಬಂದಾಗ ತಕ್ಕಡಿಯನ್ನೇ ಕೆಳಗಿಟ್ಟುಬಿಡುತ್ತೇವೆ. ಶಿವಮೊಗ್ಗದ ಕಾಲೇಜು ಹುಡುಗರ ಮೊಬೈಲಿನಲ್ಲಿ ಇವತ್ತು ಸ್ಟೀಫನ್ ಕರಿ ಇದ್ದಾರೆ. ಅಮೆರಿಕದ ಎನ್‌ಬಿಎ ಲೀಗಿನಲ್ಲಿ ದೂರದಿಂದ ಚೆಂಡು ಎಸೆದು ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಮೂರು ಮೂರು ಅಂಕ ಗಳಿಸಿದ ಆಟಗಾರ. ಎಪ್ಪತ್ತು–ಎಂಬತ್ತರ ದಶಕದವರ ನೆನಪಿನಲ್ಲಿ ಲ್ಯಾರಿ ಬರ್ಡ್ ಇದ್ದಾರೆ; ಅವರ ಇಡೀ ಬಾಳಿನ ಲೆಕ್ಕ 649. 'ನಾಲ್ಕು ಸಾವಿರದ ಮುಂದೆ ಆರುನೂರು ಏನು ಮಹಾ' ಎಂದು ಹುಡುಗರು ಕೇಳಿದರೆ ತಪ್ಪಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಇದೆ. ಅದನ್ನು ಕಂಡುಕೊಳ್ಳಲು ಭದ್ರಾವತಿಯ ತಕ್ಕಡಿಯೇ ಬೇಕು.

ಮೊದಲು ಎಸೆತದ ಕಷ್ಟವನ್ನು ಅಳೆಯೋಣ. ಅದು ಯಾವ ಕಾಲಕ್ಕೂ ಬದಲಾಗಿಲ್ಲ. ರಿಂಗ್ ನೆಲದಿಂದ 3.05 ಮೀಟರ್ ಎತ್ತರದಲ್ಲಿದೆ, ಒಳ ಅಗಲ 45 ಸೆಂಟಿಮೀಟರ್. ಗಂಡಸರು ಆಡುವ ಚೆಂಡಿನ ಅಗಲ ಸುಮಾರು 24. ಹಾಗಾಗಿ ನಡುಮಧ್ಯಕ್ಕೆ ಗುರಿಯಿಟ್ಟವನಿಗೆ ಎಡಕ್ಕೂ ಬಲಕ್ಕೂ ಹತ್ತೂವರೆ ಸೆಂಟಿಮೀಟರಿನಷ್ಟು ಮಾತ್ರ ಸಡಿಲ. ತಡೆಯುವವರಿಲ್ಲದೆ ಎಸೆಯುವ ಫ್ರೀ ಥ್ರೋ ಗೆರೆಯ ಮೇಲೆ ನಿಂತವನ ಕೈ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ವಾಲಿದರೂ ಚೆಂಡು ರಿಂಗಿಗೆ ತಾಗದೆ ಇಳಿಯಬಹುದು. ಈಗಿನ ಅಂತರರಾಷ್ಟ್ರೀಯ ಮೂರಂಕದ ಗೆರೆ ಇರುವ 6.75 ಮೀಟರ್ ದೂರದಿಂದ ಆ ಸಡಿಲ ಒಂದು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಒಂಬತ್ತು ಮೀಟರಿನಿಂದ ಎಸೆದರೆ ಡಿಗ್ರಿಯ ಮೂರರಲ್ಲಿ ಎರಡು ಪಾಲು ಮಾತ್ರ.

ಚೆಂಡು ಇಳಿಯುವ ಓರೆಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ನೇರ ಮೇಲಿನಿಂದ ಬೀಳುವ ಚೆಂಡಿಗೆ ರಿಂಗ್ 45 ಸೆಂಟಿಮೀಟರ್ ಬಾಯಿ ತೆರೆದು ಕಾಣುತ್ತದೆ. 45 ಡಿಗ್ರಿ ಓರೆಯಲ್ಲಿ ಬಂದರೆ ಆ ಬಾಯಿ ಸುಮಾರು 32 ಸೆಂಟಿಮೀಟರಿಗೆ ಕಿರಿದಾಗುತ್ತದೆ. ಮೂವತ್ತು ಡಿಗ್ರಿಗೆ ಇಳಿದರೆ ಇಪ್ಪತ್ತೆರಡೂವರೆ. ಅಂದರೆ ಚೆಂಡಿಗಿಂತಲೂ ಸಣ್ಣದು. ಚೆಂಡನ್ನು ಎತ್ತರಕ್ಕೆ ಕಮಾನಿನಂತೆ ತೂರಿ ಎಂದು ತರಬೇತುದಾರರು ಗಂಟಲು ಹರಿದುಕೊಳ್ಳುವುದು ಇದಕ್ಕೇ. ದೂರ ಹೆಚ್ಚಿದಷ್ಟೂ ಆ ಕಮಾನಿಗೆ ಬೇಕಾದ ಬಲ ತೋಳಿನದಲ್ಲ, ಮೊಣಕಾಲಿನದು.

ಈ ಲೆಕ್ಕ ಎಲ್ಲ ಕಾಲಕ್ಕೂ ಒಂದೇ. ಬದಲಾಗುತ್ತ ಬಂದದ್ದು, ದೂರದಿಂದ ಎಸೆಯಲು ಆಟ ಕೊಟ್ಟ ಅನುಮತಿ.

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಹಣ್ಣಿನ ಬುಟ್ಟಿ ನೇತುಹಾಕಿ ಈ ಆಟ ಶುರುಮಾಡಿದಾಗ ಹತ್ತಿರದಿಂದ ಹಾಕಿದರೂ ಒಂದೇ ಬೆಲೆ, ಅಂಗಳದ ಆಚೆ ತುದಿಯಿಂದ ಹಾಕಿದರೂ ಅದೇ ಬೆಲೆ. ಭಾರತಕ್ಕೂ ಆಟವನ್ನು ತಂದು ಹಬ್ಬಿಸಿದ್ದು ವೈಎಂಸಿಎಯೇ. 1920ರಲ್ಲಿ ಮದರಾಸಿನಲ್ಲಿ ಎಚ್.ಸಿ. ಬಕ್ ತೆರೆದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತವರು ದಕ್ಷಿಣದ ಶಾಲೆಗಳಿಗೆ ಹೋಗಿ ಡ್ರಿಲ್ ಮೇಷ್ಟ್ರಾದರು. ಆಗಿನವರು ಎರಡೂ ಕೈಯಲ್ಲಿ ಚೆಂಡು ಹಿಡಿದು, ನೆಲಕ್ಕೆ ಕಾಲೂರಿ ಎಸೆಯುತ್ತಿದ್ದರು. ಮೂವತ್ತರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹ್ಯಾಂಕ್ ಲುಸೆಟ್ಟಿ ಒಂದೇ ಕೈಯಲ್ಲಿ ಎಸೆದು ಜನರನ್ನು ಬೆರಗುಗೊಳಿಸಿದರು. ನಲವತ್ತರಲ್ಲಿ ಕೆನ್ನಿ ಸೇಲರ್ಸ್ ಮೇಲಕ್ಕೆ ಹಾರಿ ಗಾಳಿಯಲ್ಲಿ ಎಸೆಯುವುದನ್ನು ರೂಢಿಗೆ ತಂದರು. ಇವತ್ತಿನ ಹುಡುಗರು ಹುಟ್ಟುತ್ತಲೇ ಬಂದದ್ದೆಂದು ತಿಳಿದಿರುವ ಜಂಪ್ ಶಾಟ್ ಯಾರೋ ಒಬ್ಬರು ಕಂಡುಹಿಡಿದು ಕೊಟ್ಟ ವಿದ್ಯೆ.

ದೂರಕ್ಕೆ ಪ್ರತಿಫಲವಿಲ್ಲದ ಆ ಕಾಲದಲ್ಲಿ ಆಡಿ, ಕೊನೆಗೆ ಮಾತ್ರ ಗೆರೆಯನ್ನು ಕಂಡವರು ಪೀಟ್ ಮ್ಯಾರವಿಚ್. ಲೂಸಿಯಾನಾ ರಾಜ್ಯ ವಿಶ್ವವಿದ್ಯಾಲಯದ ಪರ ಆಡುವಾಗ ಪಂದ್ಯಕ್ಕೆ ಸರಾಸರಿ 44.2 ಅಂಕ. ಅಷ್ಟೂ ಮೂರಂಕದ ಗೆರೆ ಇಲ್ಲದೆ ಬಂದ ಅಂಕಗಳು. ಎನ್‌ಬಿಎಯಲ್ಲಿ ಗೆರೆ ಬಂದದ್ದು 1979ರ ಅಕ್ಟೋಬರಿನಲ್ಲಿ. ಅದೇ ಮ್ಯಾರವಿಚ್ ಅವರ ಕಡೆಯ ವರ್ಷ. ಮೊಣಕಾಲು ಸೋತಿದ್ದ ಅವರು ಆ ವರ್ಷ ಗೆರೆಯಾಚೆಯಿಂದ 15 ಎಸೆದು 10 ಹಾಕಿದರು. ಹದಿನೈದು ಎಸೆತದಿಂದ ಏನನ್ನೂ ಸಾಬೀತುಪಡಿಸಲಾಗದು, ನಿಜ. ಆದರೆ ಆ ಕೈಯಲ್ಲಿ ಏನಿತ್ತೆಂಬ ಸುಳಿವನ್ನು ಓದಿದಾಗ ಹೊಟ್ಟೆ ಚುರ್ ಎನ್ನುತ್ತದೆ.

ಗೆರೆಯ ಯೋಚನೆ ಅದಕ್ಕೂ ಹಳೆಯದು. 1961ರಲ್ಲಿ ಏಬ್ ಸ್ಯಾಪರ್‌ಸ್ಟೀನ್ ತಮ್ಮ ಅಲ್ಪಾಯುಷಿ ಲೀಗಿನಲ್ಲಿ ಅದನ್ನು ಎಳೆದಿದ್ದರು. 1967ರಲ್ಲಿ ಎಬಿಎ ಎಂಬ ಪ್ರತಿಸ್ಪರ್ಧಿ ಲೀಗು ಅದನ್ನು ಎತ್ತಿಕೊಂಡಿತು. ಎತ್ತರದವರು ಬುಟ್ಟಿಯ ಕೆಳಗೆ ಗುಂಪುಗಟ್ಟುವುದನ್ನು ತಪ್ಪಿಸಿ ಗಿಡ್ಡನೆಯವನಿಗೂ ಒಂದು ಜಾಗ ಕೊಡುವುದು ಉದ್ದೇಶ. 1979ರ ಅಕ್ಟೋಬರ್ 12ರಂದು ಬಾಸ್ಟನ್ನಿನ ಕ್ರಿಸ್ ಫೋರ್ಡ್ ಎನ್‌ಬಿಎ ಇತಿಹಾಸದ ಮೊದಲ ಮೂರಂಕ ಹಾಕಿದರು. ಅಂತರರಾಷ್ಟ್ರೀಯ ಸಂಸ್ಥೆ ಫಿಬಾ 1984ರಲ್ಲಿ 6.25 ಮೀಟರಿನಲ್ಲಿ ತನ್ನ ಗೆರೆ ಎಳೆಯಿತು. ಒಲಿಂಪಿಕ್ಸಿಗೆ ಅದು ಬಂದದ್ದು 1988ರ ಸೋಲ್‌ನಲ್ಲಿ. ಭಾರತದ ಗಂಡಸರ ತಂಡ ಆಡಿದ ಒಂದೇ ಒಲಿಂಪಿಕ್ಸ್, 1980ರ ಮಾಸ್ಕೊ, ಅದಕ್ಕೂ ಮುಂಚಿನದು. ನಮ್ಮವರು ಎಷ್ಟು ದೂರದಿಂದ ಎಸೆದು ಹಾಕಿದರೂ ಅಲ್ಲಿ ಸಿಕ್ಕಿದ್ದು ಎರಡೇ ಅಂಕ. 2010ರಲ್ಲಿ ಫಿಬಾ ಗೆರೆಯನ್ನು ಅರ್ಧ ಮೀಟರ್ ಹಿಂದಕ್ಕೆ ತಳ್ಳಿತು. ಎನ್‌ಬಿಎ ಗೆರೆ ಇನ್ನೂ ದೂರ: ಎದುರಿನಿಂದ 7.24 ಮೀಟರ್, ಮೂಲೆಗಳಲ್ಲಿ 6.71.

ಗೆರೆ ಬಂದ ಮೊದಲ ವರ್ಷ ಎನ್‌ಬಿಎ ತಂಡವೊಂದು ಪಂದ್ಯಕ್ಕೆ ಸರಾಸರಿ ಎಸೆದದ್ದು 2.8 ಮೂರಂಕದ ಎಸೆತ. ಗುರಿ ತಲುಪಿದ್ದು ನೂರಕ್ಕೆ 28. ಹಳಬರಿಗೆ ಧೈರ್ಯವಿರಲಿಲ್ಲ ಎಂದು ಇದನ್ನು ನೋಡಿ ನಗಬಾರದು. ಮೂರಂಕವನ್ನು ನೂರಕ್ಕೆ 28ರಂತೆ ಹಾಕಿದರೆ ಒಂದು ಎಸೆತಕ್ಕೆ 0.84 ಅಂಕ ಬಿದ್ದಂತೆ. ಒಳಗಿನಿಂದ ಎರಡಂಕವನ್ನು ಹೆಚ್ಚೂಕಡಿಮೆ ಎರಡಕ್ಕೊಂದರಂತೆ ಹಾಕುತ್ತಿದ್ದರು, ಅಂದರೆ ಎಸೆತಕ್ಕೆ ಒಂದು ಅಂಕ. ಅಂದಿನ ಕೋಚ್‌ಗಳು ಲೆಕ್ಕ ಬಲ್ಲವರೇ. ದೂರದ ಎಸೆತ ನಷ್ಟದ ವ್ಯಾಪಾರವಾಗಿತ್ತು, ಅವರು ಬೇಡವೆಂದರು. ಇಂದು ನೂರಕ್ಕೆ 36 ಬೀಳುತ್ತಿದೆ, ಎಸೆತಕ್ಕೆ 1.08 ಅಂಕ. ಅದನ್ನು ಸರಿಗಟ್ಟಲು ಎರಡಂಕದವನು ನೂರಕ್ಕೆ 54 ಹಾಕಬೇಕು. 2024–25ರಲ್ಲಿ ತಂಡವೊಂದು ಪಂದ್ಯಕ್ಕೆ ಮೂವತ್ತೇಳಕ್ಕೂ ಹೆಚ್ಚು ಮೂರಂಕ ಎಸೆದದ್ದು ಈ ಲೆಕ್ಕದಿಂದಲೇ.

ಈಗ ಲ್ಯಾರಿ ಬರ್ಡ್ ಅವರನ್ನು ಆ ಮೊದಲ ವರ್ಷದಲ್ಲಿ ನಿಲ್ಲಿಸಿ ನೋಡಬೇಕು. 1979–80 ಅವರಿಗೂ ಎನ್‌ಬಿಎಯ ಮೊದಲ ವರ್ಷ. ಇಡೀ ಲೀಗು ನೂರಕ್ಕೆ 28ರಲ್ಲಿ ತಡವರಿಸುತ್ತಿದ್ದಾಗ ಅವರು 143 ಎಸೆದು 58 ಹಾಕಿದರು, ನೂರಕ್ಕೆ 40.6. ಎಸೆತಕ್ಕೆ 1.22 ಅಂಕದ ಲಾಭ! ಆದರೂ 82 ಪಂದ್ಯಗಳಲ್ಲಿ ಅವರು ಪಂದ್ಯಕ್ಕೆ ಎರಡು ಕೂಡ ಎಸೆಯಲಿಲ್ಲ. ಎಸೆಯಲು ಯಾರೂ ಹೇಳಲಿಲ್ಲ. ಆಟದ ರೂಢಿಯೇ ಆ ಕೈಯನ್ನು ಹಿಡಿದಿಟ್ಟಿತ್ತು. ಬರ್ಡ್ ಪರವಾಗಿ ವಾದಿಸುವವರು ಮುಂದಿನ ಎರಡು ವರ್ಷವನ್ನೂ ಹೇಳಬೇಕು: ನೂರಕ್ಕೆ 27, ಆಮೇಲೆ 21. ಕಡಿಮೆ ಎಸೆದವರ ಶೇಕಡಾ ಲೆಕ್ಕ ಹೀಗೇ ಮೇಲೆಕೆಳಗೆ ಆಡುತ್ತದೆ. ಕೈಗೆ ಅಭ್ಯಾಸ ತಪ್ಪಿದಾಗ ಗುರಿಯೂ ತಪ್ಪುತ್ತದೆ. ಆದರೆ 1987–88ರ ಹೊತ್ತಿಗೆ ಅವರು 237 ಎಸೆದು ನೂರಕ್ಕೆ 41.4 ಹಾಕುತ್ತಿದ್ದರು. ಲೀಗಿನ ಸರಾಸರಿ ಆಗಿನ್ನೂ 31.6. ಆಲ್‌ಸ್ಟಾರ್ ವಾರಾಂತ್ಯದ ಮೂರಂಕದ ಸ್ಪರ್ಧೆ 1986ರಲ್ಲಿ ಶುರುವಾದಾಗ ಮೊದಲ ಮೂರು ವರ್ಷವೂ ಗೆದ್ದವರು ಬರ್ಡ್. ಸುತ್ತಲಿನವರಿಗಿಂತ ನೂರಕ್ಕೆ ಹತ್ತರಷ್ಟು ಮೇಲೆ ನಿಲ್ಲುವುದು ಯಾವ ಕಾಲಕ್ಕೂ ದೊಡ್ಡ ಮಾತು.

ಗೆರೆಯ ದೂರ ಎಷ್ಟು ಮುಖ್ಯ ಎಂಬುದಕ್ಕೆ ಎನ್‌ಬಿಎ ತಾನೇ ಒಂದು ಪ್ರಯೋಗ ಮಾಡಿ ತೋರಿಸಿತು. ಅಂಕಗಳು ಇಳಿಮುಖವಾದವೆಂದು 1994ರಿಂದ ಮೂರು ವರ್ಷ ಗೆರೆಯನ್ನು ಎಲ್ಲ ಕಡೆಯಿಂದಲೂ 6.71 ಮೀಟರಿಗೆ ಎಳೆದು ತಂದರು. ಕೂಡಲೇ ತಂಡಗಳ ಎಸೆತ ಪಂದ್ಯಕ್ಕೆ ಹತ್ತರಿಂದ ಹದಿನೈದಕ್ಕೆ ಏರಿತು. ಮೈಕಲ್ ಜೋರ್ಡಾನ್ ಅವರ ಗ್ರಾಫ್ ನೋಡಿದರೆ ಸಾಕು. ಹತ್ತಿರದ ಗೆರೆಯಿಂದ 1995–96ರಲ್ಲಿ ನೂರಕ್ಕೆ 42.7, ಮರುವರ್ಷ 37.4. ಗೆರೆ ಹಿಂದಕ್ಕೆ ಹೋದ 1997–98ರಲ್ಲಿ 23.8. ಅದೇ ಮನುಷ್ಯ, ಅದೇ ಕೈ. ಎದುರಿನಿಂದ ಅರ್ಧ ಮೀಟರ್ ಕೂಡಿದ್ದಷ್ಟೇ. ಆ ಮೂರು ವರ್ಷದ ದಾಖಲೆಗಳನ್ನು ಉಳಿದ ವರ್ಷಗಳ ಜೊತೆ ಹಾಗೇ ಸೇರಿಸಿ ಮಾತಾಡುವುದು ನ್ಯಾಯವಲ್ಲ.

ಜೋರ್ಡಾನ್ ಜೊತೆಗಾರ ಸ್ಟೀವ್ ಕೆರ್ ಅವರಿಗೂ ಆ ಹತ್ತಿರದ ಗೆರೆ ನೆರವಾಯಿತು. 1994–95ರಲ್ಲಿ ಅವರು ನೂರಕ್ಕೆ 52.4 ಹಾಕಿದರು. ವೃತ್ತಿಜೀವನದ ಶೇಕಡಾ ಲೆಕ್ಕದಲ್ಲಿ ಎನ್‌ಬಿಎಯ ಅಗ್ರಸ್ಥಾನ ಇಂದಿಗೂ ಕೆರ್ ಅವರದೇ: 45.4. ಆದರೆ ಪಂದ್ಯಕ್ಕೆ ಅವರು ಎಸೆದದ್ದು ಎರಡಕ್ಕಿಂತ ಕಡಿಮೆ. ಜೋರ್ಡಾನ್ ಮೇಲೆ ಇಬ್ಬರು ಮುಗಿಬಿದ್ದಾಗ ಕೆರ್ ಒಂಟಿಯಾಗಿ ನಿಂತಿರುತ್ತಿದ್ದರು. ಚೆಂಡು ಅಲ್ಲಿಗೆ ಬರುತ್ತಿತ್ತು. ಕರಿ 2015–16ರ ಒಂದೇ ಋತುವಿನಲ್ಲಿ 886 ಎಸೆದು 402 ಹಾಕಿದರು. ಅದರ ಶೇಕಡಾ ಎಷ್ಟು ಗೊತ್ತೇ? 45.4. ಕೆರ್ ಬಾಳಿಡೀ ಎಸೆದದ್ದು 1,599. ಅದರ ಅರ್ಧಕ್ಕಿಂತ ಹೆಚ್ಚನ್ನು ಒಂದೇ ವರ್ಷದಲ್ಲಿ, ಎದುರಾಳಿಗಳು ಮೈಮೇಲೆ ಬೀಳುತ್ತಿರುವಾಗ, ಚೆಂಡನ್ನು ತಾನೇ ಪುಟಿಸಿಕೊಂಡು ಬಂದು ಎಸೆದು, ಅದೇ ಕರಾರುವಾಕ್ಕು. ಆಗ ಕರಿಯ ಕೋಚ್ ಆಗಿದ್ದವರು ಇದೇ ಸ್ಟೀವ್ ಕೆರ್.

ಬರ್ಡ್ ಮತ್ತು ಕರಿ ಕಾಲಗಳ ನಡುವೆ ಬರುವ ರೆಜಿ ಮಿಲ್ಲರ್ (2,560 ಮೂರಂಕ) ಮತ್ತು ರೇ ಆ್ಯಲನ್ (2,973) ಒಂದೇ ಜಾತಿಯ ಗುರಿಕಾರರು. ಜೊತೆಗಾರ ಅಡ್ಡ ನಿಂತು ಮಾಡಿಕೊಟ್ಟ ಸ್ಕ್ರೀನಿನ ಸುತ್ತ ಓಡಿ, ಹಿಂಬಾಲಿಸುವವನನ್ನು ಅದಕ್ಕೆ ಢಿಕ್ಕಿ ಹೊಡೆಸಿ, ಚೆಂಡು ಕೈಗೆ ಬಂದ ಕ್ಷಣದಲ್ಲೇ ಎಸೆಯುವವರು. 2013ರ ಫೈನಲ್ಸಿನ ಆರನೇ ಪಂದ್ಯದಲ್ಲಿ ತಮ್ಮ ಮಯಾಮಿ ತಂಡ ಸೋಲಲು ಕೆಲವೇ ಸೆಕೆಂಡು ಬಾಕಿಯಿದ್ದಾಗ ಆ್ಯಲನ್ ಹಿಮ್ಮುಖವಾಗಿ ಮೂಲೆಗೆ ಹೆಜ್ಜೆಯಿಟ್ಟು ಗೆರೆಯಾಚೆ ಕಾಲೂರಿ ಹಾಕಿದ ಮೂರಂಕ ಈ ಆಟದ ಅತಿ ಶುದ್ಧ ಎಸೆತಗಳಲ್ಲೊಂದು. ಆದರೂ ಇಬ್ಬರಲ್ಲಿ ಒಬ್ಬರನ್ನು ಆರಿಸಿ ಎಂದರೆ ಮಿಲ್ಲರ್ ಮೇಲು. ಅವರು 1987ರಲ್ಲಿ ಬಂದಾಗ ತಂಡವೊಂದು ಪಂದ್ಯಕ್ಕೆ ಐದು ಮೂರಂಕ ಎಸೆಯುತ್ತಿತ್ತು. ದೂರದ ಎಸೆತವನ್ನೇ ಕಸುಬು ಮಾಡಿಕೊಂಡು ಹದಿನೆಂಟು ವರ್ಷ ಬಾಳಬಹುದೆಂದು ತೋರಿಸಿದವರು ಮಿಲ್ಲರ್. ಆ್ಯಲನ್ ನಡೆದದ್ದು ಸವೆದ ದಾರಿಯಲ್ಲಿ.

ಅಮೆರಿಕದ ಅಂಕಪಟ್ಟಿಯಲ್ಲೇ ಕಣ್ಣು ನೆಟ್ಟರೆ ಇಬ್ಬರು ತಪ್ಪಿಹೋಗುತ್ತಾರೆ. ಒಬ್ಬರು ಬ್ರೆಜಿಲಿನ ಆಸ್ಕರ್ ಶ್ಮಿಟ್. 1984ರಲ್ಲಿ ಎನ್‌ಬಿಎ ತಂಡವೊಂದು ಆರಿಸಿದರೂ ಅವರು ಹೋಗಲಿಲ್ಲ. ಹೋದರೆ ದೇಶದ ತಂಡಕ್ಕೆ ಆಡುವಂತಿರಲಿಲ್ಲ. 1987ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಫೈನಲ್ಲಿನಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ, ಆತಿಥೇಯ ಅಮೆರಿಕವನ್ನು ಬ್ರೆಜಿಲ್ 120–115ರಿಂದ ಸೋಲಿಸಿದಾಗ ಆಸ್ಕರ್ ಅವರದು 46 ಅಂಕ. ಗೆರೆಯನ್ನು ಆಯುಧವೆಂದು ಅಮೆರಿಕಕ್ಕೆ ಮನದಟ್ಟು ಮಾಡಿಸಿದ ಪಂದ್ಯಗಳಲ್ಲಿ ಅದು ಮುಖ್ಯವಾದದ್ದು. ಇನ್ನೊಬ್ಬರು ಕ್ರೊಯೇಷಿಯಾದ ದ್ರಾಜೆನ್ ಪೆಟ್ರೊವಿಚ್. ಎನ್‌ಬಿಎಯಲ್ಲಿ ನಾಲ್ಕೇ ಋತು ಆಡಿ ನೂರಕ್ಕೆ 43.7 ಹಾಕಿದ ಅವರು 1993ರ ಜೂನ್ 7ರಂದು ಜರ್ಮನಿಯ ಹೆದ್ದಾರಿ ಅಪಘಾತದಲ್ಲಿ ತೀರಿಕೊಂಡರು. ಆಗ ವಯಸ್ಸು 28. ಒಟ್ಟು ಎಣಿಕೆಯ ಯಾವ ಪಟ್ಟಿಯ ತುದಿಯಲ್ಲೂ ಅವರ ಹೆಸರು ಬರುವುದಿಲ್ಲ.

ಕಾಲಕಾಲದ ಹೋಲಿಕೆಗೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ಒಂದೇ ಮನೆಯಲ್ಲಿ ಸಿಗುತ್ತದೆ. ಸ್ಟೀಫನ್ ಕರಿಯ ತಂದೆ ಡೆಲ್ ಕರಿ 1986ರಿಂದ 2002ರವರೆಗೆ ಎನ್‌ಬಿಎ ಆಡಿದವರು, ಅವರೂ ದೂರದ ಗುರಿಕಾರರೇ. ಡೆಲ್ ನೂರಕ್ಕೆ 40.2ರಂತೆ 1,245 ಮೂರಂಕ ಹಾಕಿದರು. ಮಗನ ಶೇಕಡಾ ಲೆಕ್ಕ 42ರ ಆಸುಪಾಸು. ನೂರು ಎಸೆತಕ್ಕೆ ಎರಡರಷ್ಟೇ ವ್ಯತ್ಯಾಸ. ಆದರೆ ತಂದೆ ಪಂದ್ಯಕ್ಕೆ ಮೂರು ಎಸೆದರೆ ಮಗ ಒಂಬತ್ತಕ್ಕೂ ಹೆಚ್ಚು ಎಸೆಯುತ್ತಾರೆ. ಅಪ್ಪನ ಕೈಯಲ್ಲಿದ್ದ ವಿದ್ಯೆಯೇ ಮಗನಿಗೂ ಬಂತು. ಕಾಲ ಅಪ್ಪನಿಗೆ ಕೊಡದ ಅನುಮತಿಯನ್ನು ಮಗನಿಗೆ ಕೊಟ್ಟಿತು. 2021ರ ಡಿಸೆಂಬರ್ 14ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಗ ಆ್ಯಲನ್ ಅವರ 2,973ನ್ನು ದಾಟಿದರು. ಆ್ಯಲನ್‌ಗೆ ಅಷ್ಟು ಹಾಕಲು 1,300 ಪಂದ್ಯ ಬೇಕಾಗಿತ್ತು, ಕರಿಗೆ 789 ಸಾಕಾಯಿತು. 2025ರ ಮಾರ್ಚ್ 13ರಂದು ನಾಲ್ಕು ಸಾವಿರ ತುಂಬಿತು.

ಅನುಮತಿ ಎಂದರೆ ಕೋಚ್ ಕೊಡುವ ಒಪ್ಪಿಗೆ ಮಾತ್ರವಲ್ಲ. ಹೊರಗೆ ಚೆಂಡು ಹಿಡಿದವನ ಸೊಂಟಕ್ಕೆ ಕೈಯಿಟ್ಟು ತಡೆಯುವುದು ಬರ್ಡ್, ಮಿಲ್ಲರ್ ಕಾಲದಲ್ಲಿ ನಡೆಯುತ್ತಿತ್ತು. 2004ರಿಂದ ಎನ್‌ಬಿಎ ಅದನ್ನು ಬಿಗಿಯಾಗಿ ಫೌಲ್ ಮಾಡತೊಡಗಿತು. ಕರಿ ಬೆಳೆದದ್ದು ಆ ಸಡಿಲದಲ್ಲಿ. ಹಾಗೆಂದು ಅವರ ಕೆಲಸ ಸುಲಭ ಎನ್ನುವಂತಿಲ್ಲ. ಗೆರೆಗಿಂತ ಎರಡು ಮೀಟರ್ ಹಿಂದೆಯೇ ಅವರನ್ನು ಹಿಡಿಯಲು ಇಬ್ಬರು ಬರುತ್ತಾರೆ. ಬರ್ಡ್ ಅವರನ್ನು ಅಷ್ಟು ದೂರದಲ್ಲಿ ಯಾರೂ ಕಾಯುತ್ತಿರಲಿಲ್ಲ.

ಇಷ್ಟೆಲ್ಲ ಬದಲಾಗಿರುವಾಗ ಬದಲಾಗದ ಒಂದು ಅಳತೆಗೋಲು ಬೇಡವೇ? ಇದೆ. ಫ್ರೀ ಥ್ರೋ. ಬೋರ್ಡಿನಿಂದ ಹದಿನೈದು ಅಡಿ ದೂರ, ನೂರು ವರ್ಷಕ್ಕೂ ಮಿಗಿಲಾಗಿ ಅದೇ ಗೆರೆ. ತಡೆಯುವವರಿಲ್ಲ, ಅವಸರವಿಲ್ಲ, ಕೋಚಿನ ಒಪ್ಪಿಗೆ ಬೇಕಿಲ್ಲ. ಮನುಷ್ಯ, ಚೆಂಡು, ರಿಂಗ್. ವೃತ್ತಿಜೀವನದ ಲೆಕ್ಕ ನೋಡಿ: ಬರ್ಡ್ ನೂರಕ್ಕೆ 88.6, ಮಿಲ್ಲರ್ 88.8, ಆ್ಯಲನ್ 89.4, ಕರಿ 91. ನಾಲ್ಕು ದಶಕದ ನಾಲ್ವರು ಒಂದೇ ಬೆಂಚಿನ ಮೇಲೆ ಭುಜ ತಾಗಿಸಿ ಕುಳಿತ ಹಾಗಿದೆ. 649 ಮತ್ತು ನಾಲ್ಕು ಸಾವಿರದ ನಡುವಿನ ಕಂದರ ಇಲ್ಲಿ ಎರಡೂವರೆಗೆ ಇಳಿದುಬಿಟ್ಟಿದೆ. ಕೈಯ ವಿಷಯದಲ್ಲಿ ಹಳಬರು ಹೊಸಬರಿಗೆ ಹೆಚ್ಚೇನೂ ಕಡಿಮೆಯಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇರೆ ಸಿಗದು.

ಹಾಗಿದ್ದರೂ ಫ್ರೀ ಥ್ರೋ ಪಂದ್ಯದ ಎಸೆತವಲ್ಲ. ಓಡುತ್ತ, ತಿರುಗುತ್ತ, ಎದುರಾಳಿಯ ಬೆರಳು ಕಣ್ಣಿಗೆ ಅಡ್ಡ ಬರುತ್ತಿರುವಾಗ ದೂರದಿಂದ ಹಾಕುವುದು ಬೇರೆಯೇ ವಿದ್ಯೆ. ಹೆಚ್ಚು ಎಸೆದಷ್ಟೂ ಶೇಕಡಾ ಇಳಿಯುವುದು ಸಾಮಾನ್ಯ. ಕಷ್ಟದ ಎಸೆತಗಳೂ ಪಾಲಿಗೆ ಬರುತ್ತವೆ. ಎಲ್ಲರಿಗಿಂತ ಹೆಚ್ಚು, ಎಲ್ಲರಿಗಿಂತ ದೂರದಿಂದ, ಎಲ್ಲರಿಗಿಂತ ಕಷ್ಟದಲ್ಲಿ ಎಸೆದೂ ಶೇಕಡಾ ಇಳಿಯದಂತೆ ಹದಿನೈದು ವರ್ಷ ಕಾದವರು ಕರಿ ಒಬ್ಬರೇ. ಕಾಲ ಕೊಟ್ಟ ಅನುಕೂಲವನ್ನೆಲ್ಲ ಕಳೆದರೂ ಅವರದೇ ಮೊದಲ ಸ್ಥಾನ. ಆದರೆ ಎರಡನೆಯವರು ಒಟ್ಟು ಎಣಿಕೆಯಲ್ಲಿ ಎರಡನೆಯವರಲ್ಲ. ಗೆರೆಯೇ ಅನುಮಾನಕ್ಕೆ ಗುರಿಯಾಗಿದ್ದ ಕಾಲದಲ್ಲಿ ಸುತ್ತಲಿನವರಿಗಿಂತ ಅಷ್ಟು ಎತ್ತರದಲ್ಲಿ ನಿಂತ ಲ್ಯಾರಿ ಬರ್ಡ್. ಚೆಪಾಕಿನ 97ಕ್ಕೆ ಕೊಡುವ ಮರ್ಯಾದೆಯನ್ನು ಆ 58 ಮೂರಂಕಗಳಿಗೂ ಕೊಡಬೇಕು.

ಇದೆಲ್ಲ ದೂರದ ದೇಶದ ಎತ್ತರದ ಗಂಡಸರ ಕಥೆ ಎಂದುಕೊಳ್ಳುವವರು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣವನ್ನು ನೆನೆಯಬೇಕು. 2017ರ ಜುಲೈನಲ್ಲಿ ಅಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಬಿ ವಿಭಾಗದ ಫೈನಲ್ಲಿನಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಮಣಿಸಿ ಮೇಲಿನ ವಿಭಾಗಕ್ಕೇರಿತು. ಎ ವಿಭಾಗದಲ್ಲಿ ಜಪಾನ್ ತನಗಿಂತ ಎತ್ತರದ ಆಸ್ಟ್ರೇಲಿಯಾವನ್ನು 74–73ರಿಂದ ಸೋಲಿಸಿತು. 2019ರ ಸೆಪ್ಟೆಂಬರಿನಲ್ಲಿ ಮತ್ತೆ ಅಲ್ಲೇ, ಈ ಸಲ ಚೀನಾ ಎದುರು, 71–68. ಶಿವಮೊಗ್ಗದಿಂದ ರೈಲು ಹತ್ತಿದರೆ ಐದಾರು ಗಂಟೆಯ ದೂರದಲ್ಲಿ ಕಂಡದ್ದು ಆಟದ ಹೊಸ ವ್ಯಾಕರಣ: ಎತ್ತರವಿಲ್ಲದವರು ವೇಗವಾಗಿ ಓಡಿ, ಐವರೂ ಹೊರಗೆ ಹರಡಿ ನಿಂತು, ದೂರದಿಂದ ಎಸೆಯುವುದು. ಎರಡು ವರ್ಷದ ನಂತರ ಟೋಕಿಯೊ ಒಲಿಂಪಿಕ್ಸಿನ ಕ್ವಾರ್ಟರ್ ಫೈನಲ್ಲಿನಲ್ಲಿ ಬೆಲ್ಜಿಯಂ ಎದುರು ಕೊನೆಯ ಕ್ಷಣಗಳಲ್ಲಿ ಸಾಕಿ ಹಯಾಶಿ ಎಸೆದ ಮೂರಂಕ ಜಪಾನಿಗೆ 86–85ರ ಗೆಲುವು ತಂದಿತು. ತಂಡ ಬೆಳ್ಳಿ ಗೆದ್ದಿತು. ಮಲೆನಾಡಿನ ಹುಡುಗಿಯರಿಗೆ ಕರಿಗಿಂತ ಹತ್ತಿರದ ಮಾದರಿ ಇದು. ಮೈಕಟ್ಟು ನಮ್ಮದೇ ಅಳತೆಯದು, ಗೆರೆ ಅದೇ 6.75 ಮೀಟರ್.

ಶಿವಮೊಗ್ಗ, ಭದ್ರಾವತಿಯಂಥ ಊರುಗಳಲ್ಲೂ ಈ ಗೆರೆ ಮೂರು ತಲೆಮಾರುಗಳನ್ನು ಬೇರ್ಪಡಿಸಿದೆ. 1984ಕ್ಕೆ ಮುಂಚೆ ಕಾಲೇಜು ತಂಡದಲ್ಲಿ ಆಡಿದ ತಾತನಿಗೆ ದೂರದ ಎಸೆತಕ್ಕೆ ಎರಡೇ ಅಂಕ. ತೊಂಬತ್ತರ ದಶಕದ ತಂದೆಗೆ 6.25 ಮೀಟರಿನಿಂದ ಮೂರು. ಈಗಿನ ಮಗಳಿಗೆ ಅದೇ ಮೂರು ಬೇಕೆಂದರೆ ಅರ್ಧ ಮೀಟರ್ ಹಿಂದೆ ನಿಲ್ಲಬೇಕು. ಜೋರ್ಡಾನ್ ಅಂಥವರನ್ನೇ ಕಂಗೆಡಿಸಿದ ಅರ್ಧ ಮೀಟರದು. ಅದರ ಮೇಲೆ ನಮ್ಮ ಮಳೆ. ಜೂನಿನಿಂದ ತಿಂಗಳುಗಟ್ಟಲೆ ಬಯಲಿನ ಸಿಮೆಂಟ್ ಅಂಗಳ ಒದ್ದೆ, ಚೆಂಡು ಜಾರುತ್ತದೆ, ಕಾಲೂ ಜಾರುತ್ತದೆ. ದೂರದ ಎಸೆತ ದಿನಕ್ಕೆ ನೂರಾರು ಸಲ ಮಾಡಿ ಮೈಗೂಡಿಸಿಕೊಳ್ಳಬೇಕಾದ ವಿದ್ಯೆ. ಮಳೆಗಾಲಕ್ಕೆ ಒಂದು ಮಾಡು ಇಲ್ಲದೆ ಇಲ್ಲಿ ಗುರಿಕಾರರು ಬೆಳೆಯುವುದು ಬಲು ಕಷ್ಟ. ಕ್ರೀಡಾ ಇಲಾಖೆಯೂ ಕಾಲೇಜು ಆಡಳಿತಗಳೂ ಒಂದೊಂದು ಅಂಗಳಕ್ಕಾದರೂ ಸೂರು ಹಾಕಿಸಿದರೆ ಅದೇ ದೊಡ್ಡ ತರಬೇತಿ.

ಅದಕ್ಕೆ ಹಣ ಬೇಕು, ಸಮಯ ಬೇಕು. ಖರ್ಚಿಲ್ಲದ ಕೆಲಸವೊಂದು ಈ ಭಾನುವಾರವೇ ಆಗಬಹುದು. 2010ಕ್ಕೆ ಮುಂಚೆ ಬಣ್ಣ ಹೊಡೆದ ಅಂಗಳವಾಗಿದ್ದರೆ ಅದರ ಗೆರೆ ಹಳೆಯ ಅಳತೆಯದೇ ಇರಬಹುದು. ಆ ಗೆರೆಯಲ್ಲಿ ಪಳಗಿದ ಮಕ್ಕಳು ಜಿಲ್ಲೆ ದಾಟಿ ಹೋದಾಗ ಎಸೆತವೆಲ್ಲ ಗಿಡ್ಡವಾಗಿ ಬೀಳುತ್ತದೆ. ದೈಹಿಕ ಶಿಕ್ಷಣ ಶಿಕ್ಷಕರು, ಹಳೆಯ ಆಟಗಾರರು ಒಂದು ಟೇಪು ಹಿಡಿದು ಅಂಗಳಕ್ಕೆ ಹೋಗಿ. ರಿಂಗಿನ ನಡುವಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಅದು ನೆಲ ಮುಟ್ಟಿದ ಜಾಗದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ. ಅಲ್ಲಿಂದ ಎದುರಿಗೆ ಗೆರೆಯ ಹೊರ ಅಂಚಿಗೆ 6.75 ಮೀಟರ್, ಮೂಲೆಯ ನೇರ ಗೆರೆಗಳಿಗೆ 6.60 ಮೀಟರ್ ಇರಬೇಕು. ಇಲ್ಲದಿದ್ದರೆ ಮಕ್ಕಳು ಸೋಮವಾರ ಬರುವ ಮೊದಲು ಹೊಸ ಗೆರೆ ಎಳೆಯಿರಿ.